ಯಾವ ಗಡಿಯಾರದಾಗ?

ಅಕ್ಕೋರು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ನಮ್ಮ ಕಾಲೇಜಿನ ನಿವೃತ್ತರ ವಾಟ್ಸಾಪ್ ಗುಂಪಿನಲ್ಲಿ. "ಫಿಜಿಕ್ಸ್ ಅಕ್ಕೋರು ಇಂದು ತಳಕಲ್ಲಿನಲ್ಲಿ ನಿಧನ. ನಾಳೆ ಹನ್ನೊಂದಕ್ಕೆ ಮಣ್ಣು" ಎಂದು ಒಬ್ಬರು ಬರೆದಿದ್ದರು. ಅದನ್ನೇ ಇನ್ನೊಬ್ಬರು ದೀಪದ ಚಿತ್ರ ಸೇರಿಸಿ ಮುಂದಕ್ಕೆ ಕಳಿಸಿದರು. ಅವರು ಕಳಿಸುವ ಹೊತ್ತಿಗೆ ತಾರೀಖು ಬದಲಾಗಿತ್ತು. 'ಇಂದು' ಯಾವ ದಿನ, 'ನಾಳೆ' ಯಾವ ದಿನ ಎಂಬ ಚರ್ಚೆ ಶುರುವಾಗಿ ಸಂತಾಪ ಹಿಂದೆ ಬಿತ್ತು. ಕೊನೆಗೆ ನಾನು ಅವರ ತಮ್ಮನಿಗೆ ಫೋನು ಹಚ್ಚಿ ಕೇಳಿ, ದಿನ ತಿಳಿದುಕೊಂಡು ಗುಂಪಿನಲ್ಲಿ ಹಾಕಿದೆ. ಎಲ್ಲರೂ "ಧನ್ಯವಾದ ಸರ್" ಎಂದು ಬರೆದರು. ಹೋಗುವವರು ಯಾರು ಎಂದು ಮಾತ್ರ ಯಾರೂ ಬರೆಯಲಿಲ್ಲ.

ನಾನು ಕೊಪ್ಪಳದ ಆ ಕಾಲೇಜಿಗೆ ಕನ್ನಡ ಹೇಳಿಕೊಡಲು ಸೇರಿದ್ದು ಕೊಪ್ಪಳ ಜಿಲ್ಲೆಯಾದ ವರ್ಷ. ಅಕ್ಕೋರು ಆಗಲೇ ಅಲ್ಲಿದ್ದರು. ನಮ್ಮ ಕಡೆ ಪಾಠ ಹೇಳುವ ಹೆಂಗಸರಿಗೆಲ್ಲ ಅಕ್ಕೋರು ಅನ್ನುವುದೇ ರೂಢಿ. ಆದರೆ ನಮ್ಮ ಕಾಲೇಜಿನಲ್ಲಿ ಹಿಂದೆ ಮುಂದೆ ಏನೂ ಹಚ್ಚದೆ ಬರೇ ಅಕ್ಕೋರು ಅಂದರೆ ಇವರೊಬ್ಬರೇ. ಗಿಡ್ಡ ಆಳು, ದಪ್ಪ ಗಾಜಿನ ಕನ್ನಡಕ, ಸೆರಗನ್ನು ಸೊಂಟಕ್ಕೆ ಸಿಗಿಸಿಕೊಂಡು ನಡೆಯುವ ನಡಿಗೆ. ತಳಕಲ್ಲಿನ ಒಕ್ಕಲುತನದ ಮನೆಯವರು. ಮದುವೆಯಾಗಿರಲಿಲ್ಲ. ಯಾಕೆಂದು ಕೇಳಿದವರಿಗೆ "ವ್ಯಾಳ್ಯಾ ಹೊಂದಲಿಲ್ರಿ" ಎನ್ನುತ್ತಿದ್ದರು. ಅದನ್ನು ಅವರು ಹೇಳುವ ರೀತಿ ಹೇಗಿತ್ತೆಂದರೆ, ಕೇಳಿದವರಿಗೆ ತಾವು ಬಸ್ಸಿನ ವಿಷಯ ಕೇಳಿದೆವೇನೋ ಅನ್ನಿಸಬೇಕು.

ದಿನಾಲೂ ತಳಕಲ್ಲಿನಿಂದ ಪ್ಯಾಸೆಂಜರ್ ಗಾಡಿಗೆ ಬರುತ್ತಿದ್ದರು. ಗಾಡಿ ಅದರ ಮನಸ್ಸಿಗೆ ಬಂದಂತೆ ಬರುತ್ತಿತ್ತು. ಒಮ್ಮೆ ಪ್ರಿನ್ಸಿಪಾಲರು ಎಲ್ಲರ ಎದುರು, "ಅಕ್ಕೋರ, ಹತ್ತು ನಿಮಿಷ ತಡಾ ಮಾಡೀರಿ" ಎಂದರು.

ಅಕ್ಕೋರು ಕನ್ನಡಕ ತೆಗೆದು ಸೆರಗಿನ ತುದಿಯಿಂದ ಒರೆಸಿಕೊಂಡರು. ಕನ್ನಡಕ ಒರೆಸಿದರೆಂದರೆ ಎದುರಿನವರಿಗೆ ಬೇಡವಾದದ್ದೇನೋ ಬರುತ್ತದೆ ಎಂದು ಅರ್ಥ.

"ಯಾವ ಗಡಿಯಾರದಾಗ್ರಿ ಸರ?"

ಪ್ರಿನ್ಸಿಪಾಲರು ತಮ್ಮ ಗೋಡೆಯ ಕಡೆ ಕೈ ತೋರಿಸಿದರು. ಅಕ್ಕೋರು ಅವರನ್ನು ಸ್ಟಾಫ್ ರೂಮಿಗೆ ಕರೆದುಕೊಂಡು ಹೋಗಿ ಅಲ್ಲಿಯ ಗಡಿಯಾರ ತೋರಿಸಿದರು. ಅದರ ಪ್ರಕಾರ ಕಾಲೇಜು ಶುರುವಾಗಲು ಇನ್ನೂ ವೇಳೆ ಇತ್ತು. ಆಮೇಲೆ ಇಬ್ಬರೂ ವರಾಂಡಾಕ್ಕೆ ಬಂದು ಅಂದಾನಪ್ಪನ ಕೈಗಡಿಯಾರ ನೋಡಿದರು. ಅದು ಈ ಎರಡನ್ನೂ ಒಪ್ಪಲಿಲ್ಲ.

ಅಂದಾನಪ್ಪ ನಮ್ಮ ಕಾಲೇಜಿನ ಜವಾನ. ಕಿನ್ನಾಳದವನು. ಬೆಳಿಗ್ಗೆ ಬಾಗಿಲು ತೆಗೆಯುವವನು, ಸಂಜೆ ಕೀಲಿ ಹಾಕುವವನು, ಬೇವಿನ ಗಿಡಕ್ಕೆ ನೇತುಹಾಕಿದ್ದ ರೈಲು ಹಳಿಯ ತುಂಡಿಗೆ ಬಡಿದು ಗಂಟೆ ಮಾಡುವವನು, ಎಲ್ಲ ಅವನೇ. ರೇಡಿಯೋದ ವಾರ್ತೆಗೆ ಹೊಂದಿಸಿಕೊಂಡ ಕೈಗಡಿಯಾರ ನೋಡಿ ಬಡಿಯುತ್ತಿದ್ದ. ಗೋಡೆಯ ಮೇಲೆ ಏನೇ ಇರಲಿ, ಅವನು ಬಡಿದಾಗಲೇ ಪಾಠ ಮುಗಿಯುತ್ತಿತ್ತು. ಇಷ್ಟೆಲ್ಲ ಮಾಡಿದರೂ ಅವನು ವರ್ಷಾನುಗಟ್ಟಲೆ ದಿನಗೂಲಿಯವನೇ. ಕಾಯಂ ಮಾಡುತ್ತೇವೆಂದು ಆಡಳಿತ ಮಂಡಳಿ ಪ್ರತಿ ಸಭೆಯಲ್ಲಿ ಹೇಳುತ್ತಿತ್ತು, ಪ್ರತಿ ಸಭೆಯಲ್ಲೂ ಚಹಾ ತರುವವನು ಅವನೇ ಆದ್ದರಿಂದ ಆ ಮಾತು ಅವನ ಕಿವಿಗೆ ಬೀಳುತ್ತಿತ್ತು.

ಅಕ್ಕೋರ ಪಾಠವೂ ಅವರ ಮಾತಿನ ಹಾಗೇ. ಹುಡುಗರು ಪ್ರಯೋಗ ಮಾಡಿ ಉತ್ತರ ತಂದರೆ, ಸರಿಯೋ ತಪ್ಪೋ ಎಂದು ಹೇಳುತ್ತಿರಲಿಲ್ಲ. "ಎಷ್ಟು ತಪ್ಪಿರಬಹುದು?" ಎಂದು ಕೇಳುತ್ತಿದ್ದರು. "ಏನೂ ತಪ್ಪಿಲ್ರಿ ಅಕ್ಕೋರ" ಅಂದವನು ಮತ್ತೆ ಮೊದಲಿನಿಂದ ಮಾಡಬೇಕು. ಊಟದ ಡಬ್ಬಿ ಬಿಚ್ಚಿ ಕೂತಾಗಲೂ ಈ ಸ್ವಭಾವ ಬಿಡುತ್ತಿರಲಿಲ್ಲ. ನಾನೊಮ್ಮೆ ಅವರ ಪುಂಡಿಪಲ್ಲೆ ತಿಂದು "ಇದರಷ್ಟು ಛಲೋ ಪಲ್ಲೆ ಜಿಲ್ಲಾದಾಗ ಇಲ್ರಿ" ಎಂದೆ. "ಎಷ್ಟು ಮನ್ಯಾಗ ತಿಂದೀರಿ ಮಾಸ್ತರ?" ಎಂದು ಕೇಳಿದರು. ನಾನು ಸುಮ್ಮನೆ ಇನ್ನೊಂದು ತುತ್ತು ತಿಂದೆ.

ಕಾಲೇಜಿಗೆ ಕಂಪ್ಯೂಟರುಗಳು ಬಂದಾಗ ಅವನ್ನು ಯಾರಿಗೆ ಒಪ್ಪಿಸಬೇಕೆಂಬ ಪ್ರಶ್ನೆ ಎದ್ದಿತು. ಇಂಗ್ಲಿಷ್ ಸರ್ ಹಿರಿಯರು. ಆದರೆ ಅವರಿಗೆ ಕರೆಂಟಿನ ಭಯ. ಹಾಗಾಗಿ ಅವು ಅಕ್ಕೋರ ಪಾಲಿಗೆ ಬಂದವು. ಅವರು ಹುಬ್ಬಳ್ಳಿಗೆ ಹೋಗಿ ಯಾವುದೋ ಪತ್ರಿಕೆಯ ಜೊತೆ ಬಂದಿದ್ದ ಸೀಡಿ ತಂದು ಎಲ್ಲದಕ್ಕೂ ವಿಂಡೋಸ್ ಬದಲಿಗೆ ಲಿನಕ್ಸ್ ಎಂಬ ತಂತ್ರಾಂಶ ಹಾಕಿದರು. ಅದು ಪುಕ್ಕಟೆ ಎಂದು ಕೇಳಿ ಆಡಳಿತ ಮಂಡಳಿಯ ಅಧ್ಯಕ್ಷರಿಗೆ ಸಂಶಯ ಬಂತು. "ಪುಕ್ಕಟ ಯಾಕ ಕೊಡ್ತಾರ? ಏನರ ಊನ ಐತೇನು ನೋಡ್ರಿ" ಎಂದರು. ಅಕ್ಕೋರು ನೋಡಿದರು. ನೋಡುತ್ತಾ ನೋಡುತ್ತಾ ಅದರ ರುಚಿ ಹತ್ತಿಬಿಟ್ಟಿತು.

ಅದರಲ್ಲಿ ಅವರಿಗೆ ಎಲ್ಲಕ್ಕಿಂತ ಹಿಡಿಸಿದ್ದು ಗಡಿಯಾರದ ವ್ಯವಸ್ಥೆ. ಒಂದು ದಿನ ನನ್ನನ್ನು ಲ್ಯಾಬಿಗೆ ಕರೆದು ತೋರಿಸಿದರು.

"ಇಂಟರ್ನೆಟ್ಟಿನಾಗ ಟೈಮ್ ಹೇಳಾಕಂತನ ಕೆಲವು ಕಂಪ್ಯೂಟರ್ ಅದಾವ ಮಾಸ್ತರ. ನಮ್ಮ ಮಶಿನ್ ಆಗಾಗ ಅವನ್ನ ಕೇಳತೈತಿ. ತಾನು ಒಂಚೂರು ಹಿಂದ ಬಿದ್ದಿದ್ರ ಸಾವಕಾಶ ಮುಂದ ಬರತೈತಿ. ಮುಂದ ಹೋಗಿದ್ರ ಸಾವಕಾಶ ಹಿಂದ ಬರತೈತಿ."

"ನಮ್ಮ ಕೊಪ್ಪಳದಾಗ ಎಷ್ಟು ಗಂಟಿ ಅಂತ ಅವಕ್ಕ ಹೆಂಗ ಗೊತ್ರಿ?"

"ಅವಕ್ಕ ಕೊಪ್ಪಳ ಗೊತ್ತಿಲ್ಲ. ಇಂಗ್ಲೆಂಡಿನ ಗ್ರೀನಿಚ್ ಟೈಮ್ ಹೇಳ್ತಾವ. ಐದೂವರೆ ತಾಸು ಕೂಡಿಸಿಕೊಳ್ಳೂದು ನಮ್ಮ ಕೆಲಸ."

ಲ್ಯಾಬಿನ ಎಲ್ಲ ಪರದೆಗಳ ಮೂಲೆಯಲ್ಲೂ ಒಂದೇ ಸಮಯ ಇತ್ತು. ನಮ್ಮ ಕಾಲೇಜಿನಲ್ಲಿ ಎರಡು ಗಡಿಯಾರಗಳು ಒಂದೇ ಮಾತು ಹೇಳಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಕ್ಕೋರು ಅವುಗಳ ಮುಂದೆ, ಹೊಸ ಹೋರಿ ಕೊಂಡುತಂದ ರೈತನ ಹಾಗೆ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದರು.

ಇದಾಗಿ ಕೆಲವು ವರ್ಷಕ್ಕೆ ಅಂಕಗಳ ಪ್ರಕರಣ ಆಯಿತು.

ಕಾಲೇಜಿನ ಕಚೇರಿಯಲ್ಲಿ ಬೇರೆಯೇ ಒಂದು ಕಂಪ್ಯೂಟರ್ ಇತ್ತು. ಕಿರುಪರೀಕ್ಷೆಯ ಅಂಕಗಳೆಲ್ಲ ಅದರಲ್ಲಿ. ನಾವು ಪಾಠದವರೆಲ್ಲ ಒಂದೇ ಪಾಸ್‌ವರ್ಡ್ ಹಾಕಿ ಅದನ್ನು ತೆರೆಯುತ್ತಿದ್ದೆವು. ಆ ಪಾಸ್‌ವರ್ಡ್ ಗೋಡೆಗೂ ಅಂಟಿಸಿತ್ತು. ಬಿ.ಎ. ಎರಡನೇ ವರ್ಷದ ಮಂಜುನಾಥ ಎಂಬ ಹುಡುಗನಿಗೆ ಇಂಗ್ಲಿಷಿನಲ್ಲಿ ನೋಟಿಸ್ ಬೋರ್ಡಿನ ಮೇಲೆ ಎಂಟು ಅಂಕ ಇತ್ತು. ಕಂಪ್ಯೂಟರಿನಲ್ಲಿ ಹದಿನೆಂಟು ಆಗಿತ್ತು. ಯಾರೋ ಮೂಗರ್ಜಿ ಬರೆದರು. ಮಂಜುನಾಥ ಅಂದಾನಪ್ಪನ ಸ್ವಂತ ಅಕ್ಕನ ಮಗ.

ಪ್ರಿನ್ಸಿಪಾಲರ ಕೋಣೆಯ ಪಕ್ಕದ ಆ ಕಚೇರಿಯಲ್ಲೇ ವಿಚಾರಣೆ ನಡೆಯಿತು. ಅಧ್ಯಕ್ಷರು, ಪ್ರಿನ್ಸಿಪಾಲರು, ಹಿರಿಯರೆಂದು ಇಂಗ್ಲಿಷ್ ಸರ್, ಬರೆದುಕೊಳ್ಳಲು ನಾನು. ಅಂದಾನಪ್ಪ ಬಾಗಿಲ ಬಳಿ ನಿಂತಿದ್ದ. ಕಂಪ್ಯೂಟರ್ ಏನು ಹೇಳುತ್ತದೆಂದು ಓದಲು ಅಕ್ಕೋರನ್ನು ಕರೆಸಿದರು. ಅವರು ಕೂತು ಏನೋ ಟೈಪ್ ಮಾಡಿದರು. ಪರದೆಯ ತುಂಬ ಕಪ್ಪು, ಅದರ ಮೇಲೆ ಬಿಳಿ ಅಕ್ಷರ.

"ಈ ಫೈಲನ್ನ ಕಡೀಕ ತಿದ್ದಿದ್ದು ಹೋದ ಸೋಮವಾರ," ಎಂದು ಓದಿದರು. "ಸಂಜಿ ಎಂಟು ಗಂಟಿ ಹತ್ತು ನಿಮಿಷಕ್ಕ."

ಆ ಹೊತ್ತಿಗೆ ಕಾಲೇಜಿನಲ್ಲಿ ಒಂದು ನಾಯಿಯೂ ಇರುವುದಿಲ್ಲ. ಕೀಲಿಕೈ ಇರುವುದು ಒಬ್ಬನ ಹತ್ತಿರ.

"ನಾ ಸಂಜಿ ಬಸ್ಸಿಗೆ ಕಿನ್ನಾಳಕ್ಕ ಹೋಗೀನ್ರಿ," ಎಂದ ಅಂದಾನಪ್ಪ.

"ಯಾರು ನೋಡ್ಯಾರ?" ಎಂದರು ಅಧ್ಯಕ್ಷರು.

"ಬಸ್ ಭರ್ತಿ ಇತ್ರಿ. ಯಾರನ್ನಂತ ಹೇಳ್ಲಿ?"

ಇಂಗ್ಲಿಷ್ ಸರ್ ವಿದ್ಯಾಸಂಸ್ಥೆಗಳ ಪಾವಿತ್ರ್ಯದ ಬಗ್ಗೆ ಸ್ವಲ್ಪ ಹೊತ್ತು ಮಾತಾಡಿದರು. ನಾನು ಬರೆದುಕೊಂಡೆ. ಆಮೇಲೆ ಅಧ್ಯಕ್ಷರು ಕೈ ಚಾಚಿದರು. ಅಂದಾನಪ್ಪ ಸೊಂಟದ ದಾರಕ್ಕೆ ಕಟ್ಟಿಕೊಂಡಿದ್ದ ಕೀಲಿಕೈ ಗೊಂಚಲು ಬಿಚ್ಚಲು ಹೋದ. ಗಂಟು ಬಿಚ್ಚಲಿಲ್ಲ. ಎಷ್ಟೋ ವರ್ಷದಿಂದ ಅದನ್ನು ಯಾರೂ ಬಿಚ್ಚಿರಲಿಲ್ಲ. ಕೊನೆಗೆ ಪ್ರಿನ್ಸಿಪಾಲರ ಮೇಜಿನ ಮೇಲಿನ ಕತ್ತರಿ ತಂದು ದಾರ ಕತ್ತರಿಸಿದೆವು. ನಾಳೆಯಿಂದ ಬರುವುದು ಬೇಡ ಎಂದರು. ಅವನು ಎಲ್ಲರಿಗೂ ಕೈಮುಗಿದು ಹೋದ. ಅಕ್ಕೋರು ಆ ಹೊತ್ತಿಗೆ ತಮ್ಮ ಕ್ಲಾಸಿಗೆ ಹೋಗಿಯಾಗಿತ್ತು.

ಮರುದಿನ ಗಂಟೆ ಬಡಿಯುವ ಕೆಲಸ ಗುಮಾಸ್ತರಿಗೆ ಬಂತು. ಅವರು ನೆನಪಾದಾಗ ಬಡಿದರು. ನನ್ನ ಮೊದಲ ಪಾಠ ಎಷ್ಟು ಬೇಗ ಮುಗಿಯಿತೆಂದರೆ ಹಾಜರಿ ಪೂರ್ತಿಯಾಗಿರಲಿಲ್ಲ. ಎರಡನೆಯದರಲ್ಲಿ ಹೇಳುವುದೆಲ್ಲ ಹೇಳಿ ಮುಗಿಸಿ ಹುಡುಗರ ಮುಖ ನೋಡುತ್ತ ಕೂತೆ.

ಅಕ್ಕೋರು ಕಚೇರಿಗೆ ಬಂದದ್ದು ಆ ಗೊಂದಲದ ನಡುವೆ. ಹಿಂದಿನ ದಿನದ ತೀರ್ಮಾನ ಬರೆದು ಮುಗಿಸಲು ನಾನಲ್ಲಿದ್ದೆ. ಅವರು ಕಂಪ್ಯೂಟರ್ ಮುಂದೆ ಕೂತು, ಏನನ್ನೂ ಟೈಪ್ ಮಾಡದೆ ಪರದೆಯ ಮೂಲೆಯನ್ನು ನೋಡಿದರು.

"ಮಾಸ್ತರ, ಟೈಮ್ ಎಷ್ಟು?"

"ಹನ್ನೊಂದ್ರಿ."

"ನಿಮ್ದರಾಗ?" ಎಂದು ಗುಮಾಸ್ತರನ್ನು ಕೇಳಿದರು.

"ಹನ್ನೊಂದಕ್ಕ ಐದು ಕಡಿಮಿ."

ಅಕ್ಕೋರು ರೈಲ್ವೆ ಸ್ಟೇಷನ್ನಿಗೆ ಫೋನು ಹಚ್ಚಿ ಕೇಳಿದರು. ಅಲ್ಲಿಯವರು ಯಾವ ಗಾಡಿ ಬೇಕೆಂದು ಕೇಳಿದರಂತೆ. "ಗಾಡಿ ಬ್ಯಾಡ್ರಿ, ಬರೇ ಟೈಮ್ ಹೇಳ್ರಿ" ಎಂದರು. ಅಲ್ಲಿಯೂ ಹನ್ನೊಂದೇ. ಕಂಪ್ಯೂಟರಿನ ಮೂಲೆಯಲ್ಲಿ ಸಂಜೆ ನಾಲ್ಕೂವರೆ ಆಗಿತ್ತು.

"ಇದು ಯಾವಾಗಿಂದ ಹಿಂಗೈತಿ?"

ಗುಮಾಸ್ತರು ತಲೆ ಎತ್ತಲಿಲ್ಲ. "ಅದು ಕಂಪ್ಯೂಟರ್ ಟೈಮ್ರಿ ಅಕ್ಕೋರ. ಅದು ಮೊದಲಿಂದ ಹಂಗ ಐತಿ."

ಆಗಲೇ ನನಗೂ ನೆನಪಾಯಿತು. ನಾವೆಲ್ಲ ಅದನ್ನು ನೋಡಿದ್ದೆವು. ಕಂಪ್ಯೂಟರಿಗೆ ತನ್ನದೇ ಒಂದು ಟೈಮು ಇರುತ್ತದೆ, ಅದು ಅಮೆರಿಕಾದ್ದಿರಬೇಕು ಎಂದು ಇಂಗ್ಲಿಷ್ ಸರ್ ಯಾವಾಗಲೋ ಹೇಳಿದ್ದರು. ನಾವು ಒಪ್ಪಿಕೊಂಡಿದ್ದೆವು.

ಅಕ್ಕೋರು ಕನ್ನಡಕ ತೆಗೆದು ಒರೆಸಿದರು. ಈ ಸಲ ಎದುರಿಗೆ ಇದ್ದದ್ದು ಬರೇ ಪರದೆ.

ಆ ಯಂತ್ರದಲ್ಲಿ ಮೊದಲು ಬರೇ ಲಿನಕ್ಸ್ ಇತ್ತು. ಸಂಬಳದ ಲೆಕ್ಕದ ತಂತ್ರಾಂಶಕ್ಕೆ ವಿಂಡೋಸ್ ಬೇಕೆಂದು ಗುಮಾಸ್ತರು ಹಟ ಹಿಡಿದಾಗ, ಒಂದೇ ಯಂತ್ರದಲ್ಲಿ ಎರಡನ್ನೂ ಇಟ್ಟು, ಚಾಲೂ ಮಾಡುವಾಗ ಬೇಕಾದ್ದನ್ನು ಆರಿಸಿಕೊಳ್ಳುವ ಹಾಗೆ ಮಾಡಿಕೊಟ್ಟವರು ಅಕ್ಕೋರೇ. ಈಗ ಅವರು ಯಂತ್ರ ಬಂದ್ ಮಾಡಿ ವಿಂಡೋಸ್ ತೆರೆದರು. ಮೂಲೆಯಲ್ಲಿ ಹನ್ನೊಂದು ದಾಟಿತ್ತು, ಸರಿಯಾಗಿತ್ತು. ಮತ್ತೆ ಬಂದ್ ಮಾಡಿ ಲಿನಕ್ಸ್ ತೆರೆದರು. ಐದೂವರೆ ತಾಸು ಮುಂದೆ.

"ತಿಳೀತ್ರಿ?" ಎಂದರು. ನನಗೆ ತಿಳಿದಿರಲಿಲ್ಲ.

"ಮಶಿನ್ನಿನ ಹೊಟ್ಟ್ಯಾಗ ಒಂದ ಗಡಿಯಾರ ಐತಿ. ಬಂದ್ ಮಾಡಿದ್ರೂ ಅದು ನಡೀತಿರತೈತಿ. ವಿಂಡೋಸ್ ಅದನ್ನ ನಮ್ಮ ಊರಿನ ಟೈಮ್ ಅಂತ ಓದತೈತಿ. ಲಿನಕ್ಸ್ ಅದನ್ನ ಗ್ರೀನಿಚ್ ಟೈಮ್ ಅಂತ ತಿಳಕೊಂಡು ಐದೂವರೆ ತಾಸು ಕೂಡಿಸತೈತಿ. ಯಾರದು ಯಾವ ರೀತಿ ಅಂತ ಹೇಳಿಕೊಡೂದು ಎರಡನ್ನೂ ಕೂಡಿಸಿದವರ ಕೆಲಸ. ಕೂಡಿಸಿದಾಕಿ ನಾನು."

"ಆದ್ರ ಇದೂ ಇಂಟರ್ನೆಟ್ಟಿಗೆ ಕೇಳಿ ಸರಿ ಮಾಡಿಕೋತೈತಿ ಅಂದಿದ್ರಿ?"

ಅದನ್ನೂ ಹುಡುಕಿದರು. ಲಿನಕ್ಸ್ ತಾನು ಮಾಡಿದ್ದನ್ನೆಲ್ಲ ಒಂದು ಕಡೆ ಬರೆದಿಡುತ್ತದೆ. ಅದರಲ್ಲಿ ಪ್ರತಿ ಸಲ ಚಾಲೂ ಆದಾಗಲೂ ಒಂದೇ ಮಾತು ಇತ್ತು. ವ್ಯತ್ಯಾಸ ಬಹಳ ದೊಡ್ಡದಿದೆ, ನಾನು ತಿದ್ದುವುದಿಲ್ಲ, ಬೇಕಾದರೆ ಕೈಯಿಂದ ಸರಿ ಮಾಡಿಕೊಳ್ಳಿ ಎಂದು ಬರೆದು, ಆ ತಂತ್ರಾಂಶ ಕೆಲಸ ನಿಲ್ಲಿಸಿ ಹೋಗುತ್ತಿತ್ತು. ನಿಮಿಷಗಳ ವ್ಯತ್ಯಾಸವನ್ನಾದರೆ ತಾನೇ ಸರಿಮಾಡುತ್ತದಂತೆ. ತಾಸುಗಟ್ಟಲೆ ಇದ್ದರೆ, ಇದರಲ್ಲಿ ಏನೋ ಬೇರೆ ತಪ್ಪಿದೆ, ಮನುಷ್ಯರು ಬಂದು ನೋಡಲಿ ಎಂದು ಬಿಟ್ಟುಬಿಡುತ್ತದಂತೆ. ತಿಂಗಳುಗಟ್ಟಲೆ ಅದು ಹೀಗೆ ಬರೆದಿತ್ತು. ಓದುವ ಮನುಷ್ಯರು ಬಂದಿರಲಿಲ್ಲ.

"ಹಂಗಾರ ಲಗೂನ ಸರಿ ಮಾಡ್ರಿ," ಎಂದೆ.

"ಈಗ ಕೈ ಹಚ್ಚಬಾರದು. ಹೆಂಗೈತೋ ಹಂಗ ಅವರು ನೋಡಬೇಕು."

ಗುಮಾಸ್ತರು ಗಂಟೆ ಬಡಿಯಲು ಎದ್ದು ಹೋದ ಮೇಲೆ ನಾನು ಬಾಗಿಲು ಮುಂದೆ ಮಾಡಿ ಬಂದು ಕೂತೆ. "ಅಕ್ಕೋರ, ವಿಚಾರ ಮಾಡ್ರಿ. ತಪ್ಪು ನಿಮ್ಮದಂತ ಆಗತೈತಿ. ಅಧ್ಯಕ್ಷರು ಬಿಡೋ ಪೈಕಿ ಅಲ್ಲ. ಮತ್ತ ರಾತ್ರಿ ಅಲ್ಲ ಹಗಲು ಅಂದ್ರ, ಮಧ್ಯಾಹ್ನ ಎರಡು ನಲವತ್ತಕ್ಕ ಇಲ್ಲಿ ಓಡಾಡಿದವರ ಮ್ಯಾಲೆಲ್ಲಾ ಸಂಶಯ ಬರತೈತಿ. ನಿಮ್ಮ ಮ್ಯಾಲೂ, ನನ್ನ ಮ್ಯಾಲೂ."

"ಬರ್ಲಿ," ಎಂದರು. "ಈಗ ಒಬ್ಬನ ಮ್ಯಾಲ ಐತಿ. ಹಂಚಿಕೊಳ್ಳೂಣು."

ಅಧ್ಯಕ್ಷರು ಮೂರು ದಿನ ಊರಲ್ಲಿರಲಿಲ್ಲ. ಗಂಗಾವತಿಯಲ್ಲಿ ಭತ್ತದ ವ್ಯವಹಾರ. ಅಷ್ಟೂ ದಿನ ಅಕ್ಕೋರು ಆ ಯಂತ್ರವನ್ನು ಯಾರಿಗೂ ಮುಟ್ಟಗೊಡಲಿಲ್ಲ. ಸಂಬಳದ ಲೆಕ್ಕ ನಿಂತಿದೆ ಎಂದು ಗುಮಾಸ್ತರು ಗೊಣಗಿದರು, ಬಡಿಯಬೇಕಾದ ಗಂಟೆ ಮರೆತರು.

ಅಧ್ಯಕ್ಷರು ಬಂದ ದಿನ ಮತ್ತೆ ಅದೇ ಜನ ಅದೇ ಕೋಣೆಯಲ್ಲಿ ಸೇರಿದೆವು. ಬಾಗಿಲ ಬಳಿ ಮಾತ್ರ ಯಾರೂ ಇರಲಿಲ್ಲ. ಅಕ್ಕೋರು ನೇರ ವಿಷಯಕ್ಕೆ ಬಂದರು.

"ಯಜಮಾನ್ರ, ಅದೇ ಸೋಮವಾರ ನೀವು ಇಲ್ಲಿ ನಿಂತು ಕಟ್ಟಡ ಸಮಿತಿ ಠರಾವು ಬರೆಸಿದ್ರಿ. ನೆನಪೈತ್ರಿ?"

"ಐತಿ. ನಾಲ್ಕು ಗಂಟೇಕ್ಕ, ಚಾ ಕುಡ್ಯೂ ಹೊತ್ನ್ಯಾಗ."

"ಅದನ್ನ ನೀವು ಬರೆಸಿದ್ದು ರಾತ್ರಿ ಒಂಬತ್ತೂವರೀಕ್ಕ ಅಂತ ಈ ಕಂಪ್ಯೂಟರ್ ಹೇಳತೈತ್ರಿ."

ಅಧ್ಯಕ್ಷರು ಕುರ್ಚಿಯಲ್ಲಿ ಮುಂದೆ ಬಾಗಿದರು. "ರಾತ್ರಿ ಒಂಬತ್ತೂವರೀಕ್ಕ ನಾ ಇಲ್ಲಿಗೆ ಯಾಕ ಬರ್ಲಿ?"

"ನಾನೂ ಅದನ್ನ ಕೇಳಾಕತ್ತೀನ್ರಿ."

ಪ್ರಿನ್ಸಿಪಾಲರು ಕೆಮ್ಮಿದರು. ಅಕ್ಕೋರು ವಿಂಡೋಸ್ ತೆರೆದು ತೋರಿಸಿದರು, ಲಿನಕ್ಸ್ ತೆರೆದು ತೋರಿಸಿದರು, ಎಲ್ಲರ ಕೈಗಡಿಯಾರ ಕೇಳಿದರು. "ಗಡಿಯಾರ ತಪ್ಪಿತ್ತು. ತಪ್ಪಿಸಿದಾಕಿ ನಾನು. ಮೊನ್ನೆ ಅದನ್ನ ನೋಡದ ಓದಿ ಹೇಳಿದಾಕೀನೂ ನಾನು. ಆ ಅಂಕ ತಿದ್ದಿದ್ದು ರಾತ್ರಿ ಎಂಟೂ ಹತ್ತಕ್ಕಲ್ರಿ, ಮಧ್ಯಾಹ್ನ ಎರಡೂ ನಲವತ್ತಕ್ಕ" ಎಂದರು. ಮತ್ತೆ ಕೂರಲಿಲ್ಲ, ನಿಂತೇ ಇದ್ದರು.

ಅಧ್ಯಕ್ಷರು ಮೀಸೆ ಸವರಿಕೊಂಡರು. "ಹಂಗಾರ ಆ ಹೊತ್ನ್ಯಾಗ ಇಲ್ಲಿ ಕುಂತಿದ್ದವರು ಯಾರು?"

ನಾನು ನನ್ನ ಸೋಮವಾರವನ್ನು ನೆನಪಿಸಿಕೊಳ್ಳುತ್ತಿದ್ದೆ. ಆಗ ಇಂಗ್ಲಿಷ್ ಸರ್ ಕರವಸ್ತ್ರ ತೆಗೆದರು.

"ಸೋಮವಾರ ಮಧ್ಯಾಹ್ನ... ನಾನ ಕುಂತಿದ್ನಲ್ರಿ," ಎಂದರು. "ಆ ಮಂಜುನಾಥಂದು ಮರುಪರೀಕ್ಷಾ ಮಾಡಿದ್ದೆ. ಆ ಅಂಕ ಹಾಕಾಕ. ಈ ಮಂಜುನಾಥ ಅಲ್ರಿ, ಆ ಮಂಜುನಾಥ. ಕುಷ್ಟಗಿಯಾಂವ."

ಅಕ್ಕೋರು ಫೈಲ್ ತೆರೆದರು. ಇಬ್ಬರು ಮಂಜುನಾಥರು ಒಬ್ಬರ ಕೆಳಗೊಬ್ಬರು ಇದ್ದರು. ಮೇಲಿನವನಿಗೆ ಹದಿನೆಂಟು, ಅದು ಅಂದಾನಪ್ಪನ ಅಕ್ಕನ ಮಗ. ಮರುಪರೀಕ್ಷೆ ಬರೆದಿದ್ದ ಕುಷ್ಟಗಿಯ ಮಂಜುನಾಥ ಕೆಳಗೆ, ತನ್ನ ಹಳೆಯ ಅಂಕದೊಡನೆ, ಹಾಗೇ ಇದ್ದ. ಇಂಗ್ಲಿಷ್ ಸರ್ ಒಂದು ಸಾಲು ಮೇಲೆ ಟೈಪ್ ಮಾಡಿದ್ದರು. ಎಲ್ಲರೂ ರಾತ್ರಿಯ ಮಾತೇ ಆಡಿದ್ದರಿಂದ ತಮ್ಮ ಮಧ್ಯಾಹ್ನದ ಕೆಲಸ ಅವರಿಗೆ ಹೊಳೆದೇ ಇರಲಿಲ್ಲ. ಅವರು ಕೆಟ್ಟ ಮನುಷ್ಯರಲ್ಲ. ಆ ದಿನ ಅವರ ಮುಖ ನೋಡಲಾಗಲಿಲ್ಲ.

ಅಧ್ಯಕ್ಷರು ತೀರ್ಮಾನ ಕೊಟ್ಟರು. ಅಂದಾನಪ್ಪ ಮರಳಿ ಬರಬೇಕು. ಇಂಗ್ಲಿಷ್ ಸರ್ ಅವರದು ಕಣ್ತಪ್ಪು, ವಯಸ್ಸಾಯಿತು. ಕಂಪ್ಯೂಟರುಗಳ ನಿರ್ವಹಣೆಯಲ್ಲಿ ನಿರ್ಲಕ್ಷ್ಯ ತೋರಿದ ಕಾರಣ ಅಕ್ಕೋರಿಂದ ಆ ಜವಾಬ್ದಾರಿ ತೆಗೆದು, ಹಿರಿತನದ ಮೇಲೆ ಇಂಗ್ಲಿಷ್ ಸರ್‌ಗೆ ಕೊಡುವುದು. ನಾನು ಬರೆದುಕೊಂಡೆ. ಅಕ್ಕೋರು "ಆತ್ರಿ" ಎಂದು ಲ್ಯಾಬಿನ ಕೀಲಿಕೈ ಮೇಜಿನ ಮೇಲಿಟ್ಟರು. ಇಂಗ್ಲಿಷ್ ಸರ್ ಅದನ್ನು ಹಾವು ಮುಟ್ಟುವ ಹಾಗೆ ಮುಟ್ಟಿದರು.

ಮರುದಿನ ಬೆಳಿಗ್ಗೆ ಅವರು ಅಕ್ಕೋರ ಬಳಿ ಬಂದು, ಕಂಪ್ಯೂಟರುಗಳು ಎಲ್ಲಿಂದ ಚಾಲೂ ಆಗುತ್ತವೆ ಎಂದು ಕೇಳಿದರು. ಅಕ್ಕೋರು ಎದ್ದು ಹೋಗಿ ಚಾಲೂ ಮಾಡಿಕೊಟ್ಟರು. ಇಂಗ್ಲಿಷ್ ಸರ್ ನಿವೃತ್ತರಾಗುವ ತನಕ ದಿನಾ ಮಾಡಿಕೊಟ್ಟರು. ಕಚೇರಿಯ ಯಂತ್ರವನ್ನೂ ಅಕ್ಕೋರೇ ಸರಿಮಾಡಿದ್ದು. ಹೊಟ್ಟೆಯ ಗಡಿಯಾರ ಊರಿನ ಟೈಮಿನದು ಎಂದು ಲಿನಕ್ಸ್‌ಗೆ ತಿಳಿಸಿ, ಒಮ್ಮೆ ಕೈಯಿಂದ ಸಮಯ ಹೊಂದಿಸಿ, ಕೇಳಿ ತಿದ್ದಿಕೊಳ್ಳುವ ತಂತ್ರಾಂಶವನ್ನು ಮತ್ತೆ ಚಾಲೂ ಮಾಡಿದರು. ಚಹಾ ಆರುವಷ್ಟು ಹೊತ್ತಿನ ಕೆಲಸ.

ಅಂದಾನಪ್ಪ ಮಾತ್ರ ಬರಲಿಲ್ಲ. ಎರಡು ಸಲ ಹೇಳಿಕಳಿಸಿದರು. ಮೈಯಲ್ಲಿ ಹುಷಾರಿಲ್ಲ ಎಂಬ ಉತ್ತರ ಬಂತು.

ಭಾನುವಾರ ಅಕ್ಕೋರು ನನ್ನನ್ನು ಕರೆದುಕೊಂಡು ಕಿನ್ನಾಳಕ್ಕೆ ಹೋದರು. ಅವನ ಮಗಳ ಮದುವೆಗೆ ಹೋಗಿದ್ದ ನನಗೆ ಮನೆ ಗೊತ್ತಿತ್ತು. ಗೊಂಬೆ ಮಾಡುವವರ ಓಣಿ ದಾಟಿ ಒಳಗೆ ಹೋಗಬೇಕು. ಅಂದಾನಪ್ಪ ಕಟ್ಟೆಯ ಮೇಲೆ ಕೂತಿದ್ದವನು ಎದ್ದು ನಿಂತ. ಕೂರಿ ಎನ್ನಲಿಲ್ಲ. ಅವನ ಹೆಂಡತಿ ಕಂಬಳಿ ಹಾಸಿ ನೀರು ತಂದಿಟ್ಟಳು.

"ತಪ್ಪು ನಂದು ಅಂದಾನಪ್ಪ," ಎಂದರು ಅಕ್ಕೋರು. "ಗಡಿಯಾರ ನೋಡದ ಓದಿದೆ."

ಅವನು ನೆಲ ನೋಡುತ್ತಿದ್ದ. ಮಾತಾಡಿದವಳು ಹೆಂಡತಿ.

"ಅದನ್ನ ಓದೂಮುಂದ ಇವರ ಮಾರಿ ನೋಡಿದ್ರೇನ್ರಿ ಅಕ್ಕೋರ?"

"ಇಲ್ಲವ್ವ. ಪರದೆ ನೋಡ್ತಿದ್ದೆ."

"ಈಗ ಇಡೀ ಊರು ಇವರ ಮಾರಿ ನೋಡಾಕತ್ತೈತ್ರಿ. ನೀರಿಗೆ ಹೋದ್ರ ನನ್ನ ಮಾರೀನೂ ನೋಡ್ತಾರ. ಕಾಲೇಜಿನಾಗ ಸರಿ ಆತು ಅಂದ್ರ ಇಲ್ಲಿ ಸರಿ ಆಗತೈತೇನ್ರಿ?"

ಅಕ್ಕೋರು ನೀರು ಕುಡಿದು ಲೋಟ ಕೆಳಗಿಟ್ಟರು. "ಯಾರ್ಯಾರು ಅಂದಾರ?" ಎಂದು ಕೇಳಿದರು. ಅವಳು ಓಣಿಯ ಕಡೆ ನೋಡಿದಳು.

ಅಕ್ಕೋರು ಚಪ್ಪಲಿ ಮೆಟ್ಟಿಕೊಂಡು ಹೊರಗೆ ನಡೆದರು. ಮೊದಲನೆಯ ಮನೆಯ ಕಟ್ಟೆಗೆ ಹೋಗಿ, "ನಾನು ಅಂದಾನಪ್ಪನ ಕಾಲೇಜಿನಾಕಿ" ಎಂದು ಶುರು ಮಾಡಿದರು. ಮಶಿನ್ನಿನ ಹೊಟ್ಟೆಯ ಗಡಿಯಾರ, ಅದನ್ನು ಇಬ್ಬರು ಎರಡು ರೀತಿ ಓದುವುದು, ಗ್ರೀನಿಚ್ಚು, ಐದೂವರೆ ತಾಸು, ಇಬ್ಬರು ಮಂಜುನಾಥರು, ಒಂದನ್ನೂ ಬಿಡಲಿಲ್ಲ. ಮುಗಿಸಿ ಎರಡನೆಯ ಮನೆಗೆ ಹೋಗಿ ಅದನ್ನೇ ಮೊದಲಿನಿಂದ ಹೇಳಿದರು. ಅಲ್ಲಿಂದ ಮೂರನೆಯದಕ್ಕೆ. ನಾನು ಹಿಂದೆ ಹಿಂದೆ ಹೋದೆ. ಸ್ವಲ್ಪ ಹೊತ್ತಿಗೆ ಮೊದಲ ಮನೆಯವರೂ ನಮ್ಮ ಹಿಂದೆ ಬಂದು ಮೂರನೆಯ ಮನೆಯವರಿಗೆ ಬಿಡಿಸಿ ಹೇಳತೊಡಗಿದರು. ಬಿಸಿಲು ಸುಡುತ್ತಿತ್ತು. ಬಾವಿ ಕಟ್ಟೆಯ ಹತ್ತಿರ ಒಬ್ಬ ಮುದುಕ ಪೂರ್ತಿ ಕೇಳಿ ತಲೆಯ ರುಮಾಲು ಸರಿಮಾಡಿಕೊಂಡ.

"ಅಂದ್ರ ಆ ಗ್ರೀನಿಚ್ ಊರಾಗ ಈಗಿನ್ನಾ ಮುಂಜಾನಿ?"

"ಹೌದ್ರಿ ಯಜ್ಜಾ."

"ಖರೇ ಹೇಳ್ತೀರೇನು?"

"ಖರೇನ."

ಮುದುಕ ಆಕಾಶ ನೋಡಿದ. "ಹಂಗಾರ ಅಂದಾನಪ್ಪಂದೇನು ತಪ್ಪಿಲ್ಲ ಬಿಡ್ರಿ," ಎಂದ.

ಓಣಿ ಮುಗಿಸಿ ಮರಳಿ ಬಂದಾಗ ಅಂದಾನಪ್ಪ ಕಟ್ಟೆಯ ಮೇಲೆ ಹಾಗೇ ನಿಂತಿದ್ದ. ಅಕ್ಕೋರ ಮುಖ ಕೆಂಪಗಾಗಿ, ದನಿ ಕೂತಿತ್ತು. ಅವನು ಒಂದೇ ಮಾತು ಕೇಳಿದ.

"ಇದು ಮತ್ತ ಹಿಂಗ ಆಗೂದಿಲ್ಲಲ್ರಿ?"

"ಆಗಬಹುದು," ಎಂದರು ಅಕ್ಕೋರು. "ಆದ್ರ ಇನ್ನ ಮ್ಯಾಲ ಓದೂ ಮೊದಲ ನಾ ಗಡಿಯಾರ ನೋಡ್ತೀನಿ. ಮಾರೀನೂ ನೋಡ್ತೀನಿ."

ಆಗುವುದಿಲ್ಲ ಎಂದು ಹೇಳಬಾರದಿತ್ತೇ ಎಂದು ಬಸ್ಸಿನಲ್ಲಿ ನಾನು ಕೇಳಿದೆ. "ನನಗೇನು ಗೊತ್ತು ಮಾಸ್ತರ?" ಎಂದು ಕಿಟಕಿಯ ಆಚೆ ನೋಡತೊಡಗಿದರು.

ಸೋಮವಾರ ಅಂದಾನಪ್ಪ ಗಂಟೆ ಬಡಿದ. ವರ್ಷದೊಳಗೆ ಕಾಯಂ ಆಯಿತು. ಆದರೆ ಅವನು ಅಕ್ಕೋರ ಜೊತೆ ಮೊದಲಿನ ಹಾಗೆ ಮಾತಾಡಿದ್ದನ್ನು ನಾನು ಮತ್ತೆ ನೋಡಲಿಲ್ಲ. ಕೇಳಿದ್ದಕ್ಕೆ ಉತ್ತರ, ಕೊಟ್ಟ ಕಾಗದಕ್ಕೆ ಕೈ, ಅಷ್ಟೇ. ಅಕ್ಕೋರೂ ಅದನ್ನು ಸರಿಮಾಡಲು ಹೋಗಲಿಲ್ಲ. ಆದರೆ ಅವರದೊಂದು ರೀತಿ ಬದಲಾಯಿತು. ಫಲಿತಾಂಶ ಓದುವಾಗ, ನೋಟಿಸ್ ಓದುವಾಗ, ಹುಡುಗರ ಹಾಜರಿ ಕೂಗುವಾಗಲೂ, ಒಂದೊಂದು ಹೆಸರಿಗೂ ಹಾಳೆಯಿಂದ ತಲೆ ಎತ್ತಿ ಆ ಮುಖ ಹುಡುಕಿ ನೋಡಿ ಮುಂದಕ್ಕೆ ಹೋಗುತ್ತಿದ್ದರು. ಇದರಿಂದ ಅವರ ಹಾಜರಿ ಬಹಳ ತಡವಾಗುತ್ತಿತ್ತು. ಪ್ರಿನ್ಸಿಪಾಲರು ತಡ ಎಂದು ಹೇಳಲು ಹೋಗಲಿಲ್ಲ.

ನಿವೃತ್ತಿಯ ದಿನ ಭಾಷಣಗಳಾದವು. ಅವರನ್ನು ಸಮಯಪ್ರಜ್ಞೆಯ ಪ್ರತಿರೂಪ ಎಂದು ಅಧ್ಯಕ್ಷರು ಹೊಗಳಿದರು. ಅಕ್ಕೋರು ಎದ್ದು, "ಎಲ್ಲಾರೂ ಛಲೋ ನಡಕೊಂಡ್ರಿ" ಎಂದು ಕೂತರು. ಆಮೇಲೆ ತಳಕಲ್ಲಿಗೆ ಹೋದವರು ಅಪರೂಪಕ್ಕೆ ಫೋನಿನಲ್ಲಿ ಸಿಗುತ್ತಿದ್ದರು. ತಮ್ಮನ ಮೊಮ್ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದರು. ಅವು ತಪ್ಪು ಮಾಡುವುದರಲ್ಲಿ ಬಹಳ ಚುರುಕಾಗಿವೆ ಎಂದು ಒಮ್ಮೆ ಹೇಳಿದರು. ಕಡೆಯ ವರ್ಷ ಕಣ್ಣು ಪೂರ್ತಿ ಮಂಜಾಗಿತ್ತಂತೆ.

ಮಣ್ಣಿನ ದಿನ ನಾನು ತಳಕಲ್ ತಲುಪುವಾಗ ಅಂಗಳದಲ್ಲಿ ಊರವರು ತುಂಬಿದ್ದರು. ಕಾಲೇಜಿನಿಂದ ಬಂದವರು ಕಾಣಲಿಲ್ಲ. ಅಕ್ಕೋರನ್ನು ಅಲ್ಲಿಯ ರೂಢಿಯಂತೆ ಗೋಡೆಗೆ ಆನಿಸಿ ಕೂರಿಸಿದ್ದರು, ಕನ್ನಡಕ ಹಾಕಿಯೇ. ಕೈಮುಗಿದು ಹೊರಗೆ ಬಂದರೆ, ದನದ ಕೊಟ್ಟಿಗೆಯ ಬದಿಗೆ ಒಬ್ಬನೇ ಕುಕ್ಕುರುಗಾಲಲ್ಲಿ ಕೂತವನು ಅಂದಾನಪ್ಪ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನಸುಕಿನಲ್ಲೇ ಬಂದಿದ್ದನಂತೆ. ಯಾರ ಪರಿಚಯವೂ ಇಲ್ಲದೆ ಅಷ್ಟು ಹೊತ್ತಿನಿಂದ ಅಲ್ಲೇ ಕೂತಿದ್ದ. ನಾನು ಹೋಗಿ ಪಕ್ಕದಲ್ಲಿ ಕೂತೆ.

ಅಕ್ಕೋರ ತಮ್ಮ ಬಂದವರನ್ನೆಲ್ಲ ವಿಚಾರಿಸಿಕೊಳ್ಳುತ್ತ ನಮ್ಮ ಕಡೆ ಬಂದರು. ನನ್ನನ್ನು ಗುರುತಿಸಿ ಕೈ ಹಿಡಿದುಕೊಂಡರು. ಆಮೇಲೆ ಅಂದಾನಪ್ಪನನ್ನು ನೋಡಿದರು.

"ನೀವು ಯಾರಂತ ತಿಳೀಲಿಲ್ರಿ. ಅಕ್ಕನ ಶಿಷ್ಯರೇನ್ರಿ?"

ಅಂದಾನಪ್ಪ ಎದ್ದು ನಿಂತ.

"ಅಲ್ರಿ," ಎಂದ. "ಅಕ್ಕೋರು ಒಂದ್ಸಲ ನಮ್ಮ ಓಣಿಗೆ ಬಂದಿದ್ರು."